ಎರಡು ಬೀಗದ ಕೈ, ಮೇಲೊಂದು ಗೇಣು

ಚನ್ನಪಟ್ಟಣ
9 ಆಗಸ್ಟ್ 2023

ಶಾಸನಸಭೆಯ ಶೀಘ್ರಲಿಪಿ ವರದಿಗಾರರೂ, ಗಣ್ಯರು ಆಡಿದ್ದನ್ನೆಲ್ಲ ಅಕ್ಷರ ಬಿಡದೆ ಬರೆದುಕೊಳ್ಳುವ ಮಹಾನುಭಾವರೂ, ಒಂದು ಕಾಲಕ್ಕೆ ಚನ್ನಪಟ್ಟಣದ ಹೈಸ್ಕೂಲಿನಲ್ಲಿ ನನ್ನ ಲೆಕ್ಕ ನೋಡಿ ಬರೆದು ನನಗಿಂತ ಎರಡು ಅಂಕ ಹೆಚ್ಚು ಹೊಡೆದವರೂ ಆದ ತಿಪ್ಪಸಂದ್ರದ ರಾಮಲಿಂಗಯ್ಯನವರ ಸನ್ನಿಧಾನಕ್ಕೆ ಬೊಂಬೆ ಇಮಾಮ್ ಸಾಬನ ಸಲಾಮು.

ಫೋನು ಮಾಡಬೇಡ. ನಲವತ್ತು ವರ್ಷ ಮರ ಕಡೆಯುವ ಲೇತಿನ ಪಕ್ಕ ಕೂತು ನನ್ನ ಎರಡು ಕಿವಿಗಳೂ ಸ್ವಯಂ ನಿವೃತ್ತಿ ಪಡೆದಿವೆ. ನೀನು ಅಲ್ಲಿಂದ ಕೂಗುವುದು, ನಾನು ಇಲ್ಲಿಂದ "ಆಂ?" ಎನ್ನುವುದು, ಬೀದಿಯವರು ನಗುವುದು, ಇದೆಲ್ಲ ಬೇಡ. ಕಾಗದ ಬರೆ.

ವಿಷಯ ಇಷ್ಟು. ಊರಾಚೆ ಬೊಂಬೆ ಮಾಡುವವರಿಗೆಂದು ಜನನೆಲೆ ಮಂಡಳಿಯವರು ನಲವತ್ತೆಂಟು ಮನೆ ಕಟ್ಟುತ್ತಿರುವುದು ನಿನಗೆ ಗೊತ್ತು. ನನ್ನದು ಹದಿನೇಳನೇ ನಂಬರು. ಹೋದ ಜನವರಿಯಲ್ಲಿ ಮಂಡಳಿಯ ಇಂಜಿನಿಯರು ಅನಂತರಾಜು ನಮ್ಮ ಅಂಗಡಿಗೆ ಬಂದು, "ಸಾಬ್ರೇ, ಬೀಗದ ಕೈ ಕೊಡೋ ಸಮಾರಂಭ ಐತೆ. ಸ್ಟೇಜ್ ಮೇಲೆ ಕಾಣ್ಬೇಕಲ್ಲ, ಮೂರಡಿದೊಂದು ಬೀಗದ ಕೈ ಮಾಡ್ಕೊಡಿ" ಎಂದರು. ನನ್ನ ಮನೆಯ ಬೀಗದ ಕೈಯನ್ನು ನಾನೇ ಮಾಡುವ ಭಾಗ್ಯ ಯಾವ ನವಾಬನಿಗೆ ಸಿಕ್ಕಿದೆ? ಒಳ್ಳೆ ಹಾಲೆ ಮರ ಆರಿಸಿ, ಕಡೆದು, ಕೆಂಪು ಹಳದಿ ಅರಗು ಹಾಕಿ, ತಾಳೆಗರಿಯಲ್ಲಿ ಉಜ್ಜಿ ಮಿರಿಮಿರಿ ಮಾಡಿಕೊಟ್ಟೆ. ಸಮಾರಂಭದ ದಿನ ಅದನ್ನು ನನಗೇ ಕೊಟ್ಟರು. ಚಪ್ಪಾಳೆ ಬಿತ್ತು. ಫೋಟೋ ಹಿಡಿದರು. ಆಮೇಲೆ ಅದು ಜೀಪಿನೊಳಗೆ ಹಿಡಿಸಲಿಲ್ಲ, "ನೀವೇ ಮಡಿಕಳಿ" ಎಂದು ಹೋದರು.

ನಲವತ್ತೆಂಟರಲ್ಲಿ ಆವತ್ತಿಗೆ ಮುಗಿದಿದ್ದು ಒಂದೇ ಮನೆ. ನಾವು ಫೋಟೋಗೆ ನಿಂತ ಮಾದರಿ ಮನೆ. ಇವತ್ತಿಗೂ ಮುಗಿದಿರುವುದು ಅದೊಂದೇ. ಹದಿನೇಳರಲ್ಲಿ ಗೋಡೆ ಉಂಟು, ಮೇಲೆ ಆಕಾಶ ಉಂಟು, ಮಧ್ಯೆ ಏನೂ ಇಲ್ಲ.

ನನ್ನ ಹೆಂಡತಿ ಮುನ್ನೀ ಸಮಾರಂಭದ ದಿನವೇ ಟ್ರಂಕು ಕಟ್ಟಿದವಳು ಇನ್ನೂ ಹಗ್ಗ ಬಿಚ್ಚಿಲ್ಲ. "ಬಿಚ್ಚಿದ್ರೆ ತಿರ್ಗಾ ಯಾರ್ ಕಟ್ತಾರೆ?" ಅನ್ನುತ್ತಾಳೆ. ನಿಮ್ಮ ಸಭೆಯಲ್ಲಿ ಮನೆಗಳ ಮಂಡಳಿಯನ್ನು ಕಿವಿ ಹಿಡಿದು ಕೇಳುವ ಸಮಿತಿ ಒಂದಿದೆಯಂತಲ್ಲ. ಅದಕ್ಕೆ ಅರ್ಜಿ ಬರೆದಿದ್ದೇನೆ, ಜೊತೆಗಿಟ್ಟಿದ್ದೇನೆ. ತಪ್ಪಿದ್ದರೆ ತಿದ್ದು. ಈ ಸಲ ನೀನು ನನ್ನದನ್ನು ನೋಡಿ ಬರೆದರೂ ತಕರಾರಿಲ್ಲ.

ನಿನ್ನ
ಇಮಾಮು


ಬೆಂಗಳೂರು
28 ಆಗಸ್ಟ್ 2023

ಇಮಾಮು,

ನಿನ್ನ ಅರ್ಜಿ ಓದಿ ಕಣ್ಣೀರು ಬಂತು. ಒಕ್ಕಣೆಯಿಂದಲ್ಲ, ಕೈಬರಹದಿಂದ. ವಸತಿ ಭರವಸೆಗಳ ಸಮಿತಿಗೆ ಬರೆಯುವ ಅರ್ಜಿಯಲ್ಲಿ "ಮೇಲೆ ಆಕಾಶ ಉಂಟು" ಎಂದೆಲ್ಲ ಹಾಕುವ ಹಾಗಿಲ್ಲ. "ಛಾವಣಿ ಕಾಮಗಾರಿ ಬಾಕಿ ಇರುತ್ತದೆ" ಎಂದು ತಿದ್ದಿದ್ದೇನೆ. ಸದಸ್ಯರೊಬ್ಬರ ಸಹಿಯೂ ಆಗಿ ಅದು ದಾಖಲಾಗಿದೆ. ಮಂಡಳಿಗೆ ಉತ್ತರ ಕೊಡಲು ಮೂವತ್ತು ದಿನ ಕೊಟ್ಟಿದ್ದಾರೆ. ಸರ್ಕಾರದ ಮೂವತ್ತು ದಿನ ಎಂದರೆ ಹುಣಸೆ ಗಿಡ ನೆಟ್ಟು ಹಣ್ಣಿಗೆ ಕಾದ ಹಾಗೆ, ಅವಸರ ಪಡಬೇಡ.

ಅಲ್ಲಿ ನನ್ನ ಅಧಿಕಾರ ಎಷ್ಟು ಎಂದು ನಿನಗೆ ಭ್ರಮೆ ಇರಬಹುದು. ಮೇಜಿನ ಮೂಲೆಯಲ್ಲಿ ಪೆನ್ಸಿಲು ಹಿಡಿದು ಕೂರುತ್ತೇನೆ. ಅಧ್ಯಕ್ಷರು ಕೇಳಿದ್ದು, ಅಧಿಕಾರಿ ಹೇಳಿದ್ದು ಬರೆಯುತ್ತೇನೆ. ನಕ್ಕರೆ ಕಂಸದೊಳಗೆ 'ನಗು' ಎಂದು ಬರೆಯುತ್ತೇನೆ. ಮೂವತ್ತೊಂದು ವರ್ಷದಲ್ಲಿ ನನ್ನ ಬಾಯಿಂದ ಒಂದು ಮಾತೂ ಆ ಕೋಣೆಯಲ್ಲಿ ಬಿದ್ದಿಲ್ಲ. ಮನೆಯಲ್ಲೂ ಹಾಗೇ ಎಂದು ರಾಧಾಮಣಿ ಹೇಳುತ್ತಾಳೆ, ಅವಳು ನನ್ನ ಹೆಂಡತಿ ಅಲ್ಲ, ಪಕ್ಕದ ಕುರ್ಚಿಯ ವರದಿಗಾರ್ತಿ. ಹೆಂಡತಿಯೇ ಅವಳಿಗೆ ಹೇಳಿದ್ದಂತೆ.

ತಂಗಿ ಮುನ್ನೀಗೆ ಹೇಳು: ಹೊಸ ಮನೆಯ ಮೊದಲ ರಂಜಾನಿಗೆ ಶಾವಿಗೆ ಪಾಯಸ ನನಗೆ ಮೊದಲು.

ರಾಮಲಿಂಗ


ಚನ್ನಪಟ್ಟಣ
14 ಜನವರಿ 2024

ರಾಮಲಿಂಗ,

ಮೂವತ್ತು ದಿನ ಎಂದಿದ್ದೆ. ನೂರಾ ಮೂವತ್ತೊಂಬತ್ತು ಆಯಿತು. ಕೇಳುತ್ತಿಲ್ಲ, ಸುಮ್ಮನೆ ಎಣಿಸಿದೆ. ಲೆಕ್ಕದಲ್ಲಿ ನಾನು ಯಾವತ್ತೂ ಗಟ್ಟಿ.

ನಾವಿರುವುದು ಇನ್ನೂ ಸರಸಮ್ಮನವರ ಮಹಡಿ ಮೇಲಿನ ಕೋಣೆಯಲ್ಲೇ. ಹದಿನಾಲ್ಕು ಮೆಟ್ಟಿಲು. ಮುನ್ನೀ ಈಗ ಮೆಟ್ಟಿಲನ್ನು ರೈಲು ಮಾಡಿದ್ದಾಳೆ. ಮೂರು ಮೆಟ್ಟಿಲು ಹತ್ತಿ ನಿಲ್ಲುತ್ತಾಳೆ, "ಕೆಂಗೇರಿ." ಇನ್ನು ನಾಲ್ಕಕ್ಕೆ "ಬಿಡದಿ." ಆಮೇಲೆ "ರಾಮನಗರ." ಹದಿನಾಲ್ಕಕ್ಕೆ "ಚನ್ನಪಟ್ಣ ಬಂತು, ಇಳ್ಕಳಿ." ಸರಸಮ್ಮನವರು ಕೆಳಗಿಂದ, "ಏನವ್ವಾ, ಇವತ್ತು ರೈಲು ಲೇಟು?" ಎಂದು ತಮಾಷೆ ಮಾಡುತ್ತಾರೆ. "ಬಿಡದೀಲಿ ತಟ್ಟೆ ಇಡ್ಲಿ ತಿನ್ಕಂಡ್ ಬಂದೆ ಕಣಕ್ಕಾ" ಅನ್ನುತ್ತಾಳೆ ಇವಳು. ಒಸಿ ಕೆಮ್ಮು ಇದೆ, ಅಷ್ಟೇ.

ಇನ್ನೊಂದು ಸಮಾಚಾರ. ಹದಿನೇಳನೇ ನಂಬರಿನ ಮುಂಬಾಗಿಲಿಗೆ ಪರದೆ ಹೊಲಿದಿದ್ದಾಳೆ. ನೀಲಿ ಬಟ್ಟೆ, ಅಂಚಿಗೆ ಗಿಳಿ. ಬಾಗಿಲೇ ಇಲ್ಲದ ಮನೆಗೆ ಅಳತೆ ಎಲ್ಲಿಂದ ಬಂತು ಎಂದು ಕೇಳಿದೆ. ಸಮಾರಂಭದ ದಿನ ಫೋಟೋಗೆ ಮೊದಲು ನಾನು ಗಣ್ಯರಿಗೆ ಹಲ್ಲು ಕಿರಿಯುತ್ತಿದ್ದಾಗ ಅವಳು ಮಾದರಿ ಮನೆಯ ಬಾಗಿಲು ಅಳೆದಳಂತೆ. ಟೇಪು ಎಲ್ಲಿತ್ತು? ನನ್ನ ಬೀಗದ ಕೈಯಲ್ಲೇ ಅಳೆದಿದ್ದಾಳೆ. ಎರಡು ಬೀಗದ ಕೈ, ಮೇಲೊಂದು ಗೇಣು. "ಎಲ್ಲಾ ಮನೆ ಒಂದೇ ಅಳ್ತೆ ಅಂತ ಅನಂತರಾಜಪ್ಪಾರೇ ಮೈಕಲ್ಲಿ ಹೇಳ್ನಿಲ್ವಾ?" ಎಂದು ನನ್ನನ್ನೇ ದಬಾಯಿಸಿದಳು. ಪರದೆಯೂ ಟ್ರಂಕಿಗೆ ಹೋಯಿತು. ಹಗ್ಗ ಬಿಚ್ಚದೆ, ಮುಚ್ಚಳದ ಸಂದಿಯಲ್ಲಿ ಕೈ ತೂರಿಸಿ.

ಇಮಾಮು


ಬೆಂಗಳೂರು
2 ಮಾರ್ಚ್ 2024

ಇಮಾಮು,

ತಂಗಿಯ ರೈಲಿನ ಕಥೆಯನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ರಾಧಾಮಣಿ ಬಿದ್ದು ಬಿದ್ದು ನಕ್ಕಳು. ಈಗ ನಮ್ಮ ಮಹಡಿಯ ಮೆಟ್ಟಿಲಿಗೂ ಹೆಸರಿಟ್ಟಿದ್ದೇವೆ.

ಮಂಡಳಿಯ ಉತ್ತರ ಬಂದಿದೆ. ಹನ್ನೊಂದು ಪುಟ, ಜೊತೆಗೆ ಅನುಬಂಧಗಳು. ಒಳಗೇನಿದೆ ಎಂದು ಹೇಳುವ ಹಾಗಿಲ್ಲ, ಸಮಿತಿಯ ಕಾಗದ ಗೌಪ್ಯ. ಚುನಾವಣೆ ಬರುತ್ತಿದೆ. ಅದು ಮುಗಿಯುವ ತನಕ ಸಮಿತಿ ಸೇರುವುದಿಲ್ಲ. ಸ್ಥಳ ಪರಿಶೀಲನೆಗೆ ಬರುವ ಮಾತಿದೆ.

ಅಂದ ಹಾಗೆ, ಆ ಮರದ ಬೀಗದ ಕೈ ಇನ್ನೂ ನಿನ್ನ ಹತ್ತಿರ ಇದೆಯಲ್ಲ? ಭದ್ರವಾಗಿಟ್ಟುಕೋ. ಯಾರಿಗೂ ಕೊಡಬೇಡ.

ರಾಮಲಿಂಗ


ಚನ್ನಪಟ್ಟಣ
10 ಜುಲೈ 2024

ರಾಮಲಿಂಗ,

ಬೀಗದ ಕೈ ಮೇಲೆ ನಿನಗೆ ಕಣ್ಣು ಬಿದ್ದಿದೆ ಎಂದು ಗೊತ್ತಾಯಿತು. ನಿನ್ನ ನಿವೃತ್ತಿಗೆ ಬೇರೊಂದು ಮಾಡಿಕೊಡುತ್ತೇನೆ, ಇದಕ್ಕೆ ಆಸೆ ಪಡಬೇಡ. ಇದರಲ್ಲಿ ಮುನ್ನೀ ಬಟ್ಟೆ ಒಣಗಿಸುತ್ತಾಳೆ.

ಹದಿನೇಳಕ್ಕೆ ಛಾವಣಿ ಬಂತು. ಬಾಗಿಲೂ ಕೂರಿಸಿದ್ದಾರಂತೆ, ಬೀಗ ಹಾಕಿ ಹೋಗಿದ್ದಾರೆ. ಬೀಗದ ಕೈ ಕೇಳಿದರೆ, "ಮೇಲ್ನಿಂದ ಆರ್ಡರ್ ಬರ್ಬೇಕು" ಎಂದು ಅನಂತರಾಜು ಬೆರಳನ್ನು ಆಕಾಶಕ್ಕೆ ತೋರಿಸುತ್ತಾರೆ. ಆ ದಿಕ್ಕಿನಲ್ಲಿ ನಾನು ದಿನಕ್ಕೆ ಐದು ಸಲ ಕೇಳುತ್ತಲೇ ಇದ್ದೇನೆ.

ರೈಲು ಈಗ ಬಿಡದಿಯಲ್ಲೇ ನಿಲ್ಲುತ್ತಿದೆ. ಮುಂದಕ್ಕೆ ಹೋಗುತ್ತಿಲ್ಲ.

ಸಮಿತಿ ಬರುವ ತಾರೀಖು ಒಂದು ಹೇಳು. ಅವಳಿಗೆ ಹೇಳುವುದಕ್ಕೆ ನನಗೊಂದು ತಾರೀಖು ಬೇಕು.

ಇಮಾಮು


ಬೆಂಗಳೂರು
24 ಸೆಪ್ಟೆಂಬರ್ 2024

ಮಹಾರಾಯ ಇಮಾಮು,

ಸೆಪ್ಟೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿ ಬರುತ್ತದೆ ಎಂದು ನಾನು ಹನ್ನೆರಡನೇ ತಾರೀಖೇ ಕಾಗದ ಹಾಕಿದ್ದೆ. ಮೂರು ಗೆರೆ ಎಳೆದು "ಬೀಗದ ಕೈ ಸಮೇತ ಬಾ" ಎಂದು ಬರೆದಿದ್ದೆ. ಎಲ್ಲಿ ಹಾಳಾಗಿ ಹೋಗಿದ್ದೆ?

ಏಳು ಮಂದಿ ಸದಸ್ಯರು, ಒಂಬತ್ತು ಕಾರು. ಅನಂತರಾಜು ಎಲ್ಲರನ್ನೂ ನೇರ ಮಾದರಿ ಮನೆಗೆ ಕರೆದೊಯ್ದರು. ಹೊಸ ಸುಣ್ಣದ ವಾಸನೆ, ಎಳನೀರು, ಬಾಗಿಲಿಗೆ ಮಾವಿನ ತೋರಣ. ಉಳಿದ ನಲವತ್ತೇಳು ಮಂದಿಗೆ "ರಾಮನಗರದ ಕಚೇರಿಗೆ ಬನ್ನಿ" ಎಂದು ಹೇಳಿ ಅಲ್ಲಿ ಕೂರಿಸಿದ್ದರಂತೆ. ಉಳಿದವನು ನೀನೊಬ್ಬ, ಅರ್ಜಿದಾರ. ನಿನ್ನನ್ನು ತಡೆಯುವ ಹಾಗಿರಲಿಲ್ಲ.

ಅಧ್ಯಕ್ಷರು ಕೇಳಿಯೇ ಕೇಳಿದರು, "ಅರ್ಜಿದಾರರು ಎಲ್ರೀ?"

ಅನಂತರಾಜು ಕಡತದಿಂದ ಫೋಟೋ ತೆಗೆದು ತೋರಿಸಿ, "ಮನೆ ಸಿಕ್ಕಿದೆಯಲ್ಲ ಸಾರ್, ಇನ್ಯಾಕ್ ಬರ್ತಾರೆ? ಒಳಗೆ ಮಲ್ಗಿರ್ಬೇಕು" ಎಂದರು. ಎಲ್ಲರೂ ನಕ್ಕರು. ಕಂಸದೊಳಗೆ 'ನಗು' ಎಂದು ಬರೆದೆ.

ಒಂದು ವರ್ಷ ಓಡಾಡಿ ತಂದ ಸಮಿತಿ ಕಣೋ ಅದು. ನೀನು ಬಂದು ಒಂದು ಮಾತಾಡಿದ್ದರೆ ಸಾಕಿತ್ತು. ಯಾರ ಮನೆ ಮದುವೆಗೆ ಹೋಗಿದ್ದೆ, ಹೇಳು.

ರಾಮಲಿಂಗಯ್ಯ


ಚನ್ನಪಟ್ಟಣ
3 ನವೆಂಬರ್ 2024

ರಾಮಲಿಂಗ,

ಉತ್ತರ ತಡವಾಯಿತು. ಸರ್ಕಾರದಿಂದ ಕಲಿತದ್ದು.

ನಿನ್ನ ಹನ್ನೆರಡರ ಕಾಗದ ಹದಿನೇಳನೇ ತಾರೀಖು ಸಿಕ್ಕಿತು. ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ಮುನ್ನೀಗೆ ಓದಿದೆ. ಆಸ್ಪತ್ರೆ ಎಂದು ನಾನು ಬರೆದಿರಲಿಲ್ಲ, ಅಲ್ಲವಾ? ಆಗಸ್ಟಿನಿಂದ ಅಲ್ಲೇ ಇದ್ದೆವು. ಶ್ವಾಸಕೋಶ ಎಂದರು. ಬಣ್ಣದ ಪುಡಿ, ಮರದ ಹೊಟ್ಟು, ನನ್ನ ಲೇತಿನ ಪಕ್ಕ ಕೂತು ಉಜ್ಜಿದ ಮೂವತ್ತು ವರ್ಷ, ಏನೇನೋ ಹೇಳಿದರು. ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ತಾರೀಖು ಕೇಳಿ ಎದ್ದು ಕೂತಳು. "ಗುರುವಾರ ತಾನೆ? ನಾನೂ ಬತ್ತೀನಿ. ಪರದೆ ತಕೊಂಡ್ ಹೋಗಾನ. ಅವ್ರ್ ಎದುರ್ಗೇ ಕಟ್ಬುಡಾನ. ಆಮೇಲ್ ಯಾರ್ ಇಲ್ಲ ಅಂತಾರೋ ನೋಡ್ತೀನಿ."

ಬುಧವಾರ ಮಧ್ಯಾಹ್ನ ಹೋದಳು.

ಗುರುವಾರ ಹನ್ನೊಂದಕ್ಕೆ ಸಮಿತಿ ಬಂತು ಎಂದು ಬರೆದಿದ್ದೀಯ. ಹನ್ನೊಂದಕ್ಕೆ ನಾನು ಮೂರು ಹಿಡಿ ಮಣ್ಣು ಹಾಕುತ್ತಿದ್ದೆ. ಅಲ್ಲಿ ಜಾಗ ಕೊಡುವುದಕ್ಕೆ ಯಾರೂ ಅರ್ಜಿ ಕೇಳಲಿಲ್ಲ, ಫೋಟೋ ಹಿಡಿಯಲಿಲ್ಲ. ನಮ್ಮ ಬೊಂಬೆ ಕೆಲಸದ ಹುಡುಗರು, ಕರೀಂ ಗುದ್ದಲಿ ತಂದ, ಮುಕ್ತಿಯಾರ್ ಹಲಗೆ ತಂದ, ಅಷ್ಟೇ.

ನೀನು ಬೈದದ್ದಕ್ಕೆ ಬೇಸರವಿಲ್ಲ. ರೈಲಿನ ಕಥೆ ಹೇಳಿ ನಿನ್ನನ್ನು ನಗಿಸಿದವನು ನಾನು. ಬೇರೆ ಥರ ಬರೆಯಲು ನನಗೆ ಬರುವುದಿಲ್ಲ.

ಒಂದೇ ಒಂದು ಪ್ರಶ್ನೆ. ಅನಂತರಾಜು ಒಂದು ಫೋಟೋ ತೋರಿಸಿದರು ಎಂದು ಬರೆದಿದ್ದೀಯಲ್ಲ. ಯಾವ ಫೋಟೋ ಅದು?

ಇಮಾಮು


ಬೆಂಗಳೂರು
14 ನವೆಂಬರ್ 2024

ಇಮಾಮು,

ಬಸ್ಸು ಹತ್ತಿ ನಿನ್ನ ಬಾಗಿಲಿಗೆ ಬರಬೇಕಿತ್ತು. ಮುಖ ತೋರಿಸಲು ಧೈರ್ಯವಿಲ್ಲ, ಅದಕ್ಕೆ ಕಾಗದ.

ಆ ಫೋಟೋ ಫೆಬ್ರವರಿಯಿಂದ ನಮ್ಮ ಕಡತದಲ್ಲಿತ್ತು. ಮಂಡಳಿಯ ಉತ್ತರದ ಮೂರನೇ ಅನುಬಂಧ. "ಹದಿನೇಳನೇ ಸಂಖ್ಯೆಯ ಮನೆಯ ಬೀಗದ ಕೈಯನ್ನು ಅರ್ಜಿದಾರರು ಸ್ವೀಕರಿಸಿರುತ್ತಾರೆ" ಎಂಬುದಕ್ಕೆ ಸಾಕ್ಷಿ. ನಿನ್ನ ಕೈಯಲ್ಲಿ ಆ ಕೆಂಪು ಹಳದಿ ಬೀಗದ ಕೈ. ನೋಡಿದ ಕ್ಷಣ ನನಗೆ ಗೊತ್ತಾಯಿತು. ನೀನು ನನಗೆ ಬರೆದಿದ್ದೆಯಲ್ಲ, ಹೇಗೆ ಮಾಡಿದೆ ಎಂದು. ಮರದ್ದು ಎಂದು ಇಡೀ ಕಟ್ಟಡದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆದರೂ ಸುಮ್ಮನಿದ್ದೆ. ವರದಿಗಾರನಿಗೆ ಬಾಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿವೃತ್ತಿಗೆ ಒಂದು ವರ್ಷ ಇತ್ತು, ಅದನ್ನು ಹೇಳಿಕೊಳ್ಳಲಿಲ್ಲ. ಪರಿಶೀಲನೆಯ ದಿನ ನೀನು ಬರುತ್ತೀಯ, ನೀನೇ ಹೇಳುತ್ತೀಯ, ನಾನು ಬರೆದುಕೊಂಡರಾಯಿತು ಎಂದುಕೊಂಡೆ.

ಬಿಡದಿಯಲ್ಲಿ ರೈಲು ನಿಂತಿದೆ ಎಂದು ಜುಲೈನಲ್ಲಿ ನೀನು ಬರೆದೆ. ಅದನ್ನೂ ಆಫೀಸಿನಲ್ಲಿ ಓದಿ ನಗಿಸಿದ್ದೇನೆ.

ಆ ಫೋಟೋದಲ್ಲಿ ತಂಗಿಯೂ ಇದ್ದಾಳೆ. ನಿನ್ನ ಹಿಂದೆ, ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಚೌಕಟ್ಟಿನ ಬುಡಕ್ಕೆ ಕೈ ಚಾಚಿದ್ದಾಳೆ. ಮಂಡಳಿ ಅದರ ಕೆಳಗೆ ಬರೆದಿರುವುದು: "ಫಲಾನುಭವಿಯ ಪತ್ನಿ ಹೊಸ್ತಿಲಿಗೆ ನಮಸ್ಕರಿಸುತ್ತಿರುವುದು." ಬೀಗದ ಕೈಯಲ್ಲಿ ಅಳೆದು ಉಳಿದದ್ದಕ್ಕೆ ಅವಳು ಗೇಣು ಹಾಕುತ್ತಿದ್ದಳು. ಸಮಿತಿ ಒಂದು ವರ್ಷದ ಮೇಲಾದರೂ ಮಾಡದ ಪರಿಶೀಲನೆ.

ಮೊನ್ನೆ ಹನ್ನೆರಡಕ್ಕೆ ಸಮಿತಿ ಸೇರಿತ್ತು. "ಮನೆ ಹಸ್ತಾಂತರವಾಗಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ" ಎಂದು ಅಧ್ಯಕ್ಷರು ಓದುತ್ತಿದ್ದರು. ನನ್ನ ಪೆನ್ಸಿಲು 'ಮುಕ್ತಾಯ'ದ ತನಕ ಹೋಗಿ ನಿಂತಿತು. ಎದ್ದೆ. "ಸಾರ್, ಆ ಬೀಗದ ಕೈ ಮರದ್ದು" ಎಂದೆ.

"ನೀವ್ಯಾರು ಮಾತಾಡೋಕೆ?" ಎಂದರು ಒಬ್ಬ ಸದಸ್ಯರು. ರಾಧಾಮಣಿ ನನ್ನ ಪುಸ್ತಕ ತನ್ನ ಕಡೆ ಎಳೆದುಕೊಂಡು ನನ್ನ ಮಾತು ಬರೆದುಕೊಂಡಳು.

ನನಗೆ ಕಾರಣ ಕೇಳುವ ನೋಟೀಸು ಬಂದಿದೆ. ನಿನಗೆ ಸಾಕ್ಷಿಯ ಸಮನ್ಸು ಬರುತ್ತದೆ, ನವೆಂಬರ್ ಇಪ್ಪತ್ತೆಂಟಕ್ಕೆ. ಬಟ್ಟೆ ಒಣಗಿಸುವ ಬೀಗದ ಕೈ ತೆಗೆದುಕೊಂಡು ಬಾ.

ಕ್ಷಮಿಸು ಎಂದು ಬರೆಯಲು ಹೊರಟೆ. ಅದನ್ನೂ ಕಾಗದದಲ್ಲೇ ಮುಗಿಸಿಬಿಡಲು ಮನಸ್ಸು ಬರಲಿಲ್ಲ.

ರಾಮಲಿಂಗ


ಬೆಂಗಳೂರು
2 ಡಿಸೆಂಬರ್ 2024

ಇಮಾಮು,

ಅವತ್ತು ಕೋಣೆಯಲ್ಲಿ ಯಾರು ಏನೆಂದರು ಎಂದು ನಿನಗೆ ಕೇಳಿಸಿರಲಾರದು. ನೀನು ಉತ್ತರ ಕೊಟ್ಟದ್ದೂ ಅವರು ಕೇಳಿದ ಪ್ರಶ್ನೆಗಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಅನಂತರಾಜು: "ಸಾರ್, ಅದು ಸಾಂಕೇತಿಕ ಬೀಗದ ಕೈ."

ಅಧ್ಯಕ್ಷರು: "ಹಂಗಾದ್ರೆ ಅವರು ಒಂದೂವರೆ ವರ್ಷ ಸಾಂಕೇತಿಕವಾಗಿ ವಾಸ ಮಾಡ್ತಿದ್ರೇನ್ರೀ?"

ಅನಂತರಾಜು: "ಹಾಗಲ್ಲ ಸಾರ್, ಮೇಲಿನ ಆದೇಶ..."

ಅಧ್ಯಕ್ಷರು ನಿನ್ನ ಕಡೆ ತಿರುಗಿ: "ನಿಮ್ಮ ಪತ್ನಿ ಬಂದಿಲ್ವೇನಪ್ಪಾ? ಫೋಟೋದಲ್ಲಿದ್ದಾರಲ್ಲ."

ಬೀಗದ ಕೈ ಬಗ್ಗೆ ಕೇಳಿದರು ಎಂದುಕೊಂಡು ಅದನ್ನು ನೀನು ಮೇಜಿನ ಮೇಲಿಟ್ಟೆ. "ಮಾಡ್ದೋನು ನಾನೇ ಸಾರ್. ಹಾಲೆ ಮರ, ಅರಗಿನ ಬಣ್ಣ. ಬಿಸ್ಲು ಮಳೆ ಏನ್ ಬಿದ್ರೂ ಬಣ್ಣ ಬುಡಕಿಲ್ಲ. ಅನಂತರಾಜಪ್ಪಾರು ಬೀಗದ ಕೈ ಮಾಡ್ಕೊಡು ಅಂದ್ರು, ಮಾಡ್ಕೊಟ್ಟೆ. ಬೀಗ ಮಾಡು ಅಂತ ಯಾರೂ ಕೇಳ್ನಿಲ್ಲ."

ಎಲ್ಲರೂ ನಕ್ಕರು, ಅನಂತರಾಜು ಕೂಡ. ನಾನು 'ನಗು' ಎಂದು ಬರೆಯಲಿಲ್ಲ. ಮೂವತ್ತೆರಡು ವರ್ಷದ ನೌಕರಿಯಲ್ಲಿ ನಾನು ಬಿಟ್ಟ ಪದ ಅದೊಂದೇ.

ಮೂರು ತಿಂಗಳೊಳಗೆ ನಲವತ್ತೇಳು ಮನೆಗಳಿಗೂ ನಿಜವಾದ ಬೀಗದ ಕೈ ಕೊಡಬೇಕು, ಕೊಡುವಾಗ ಫೋಟೋ ಹಿಡಿಯಬಾರದು ಎಂದು ಶಿಫಾರಸಾಗಿದೆ.

ರಾಮಲಿಂಗ


ಚನ್ನಪಟ್ಟಣ
18 ಮೇ 2025

ನಿವೃತ್ತ ಶೀಘ್ರಲಿಪಿ ವರದಿಗಾರರಿಗೆ ಹದಿನೇಳನೇ ನಂಬರಿನ ಯಜಮಾನನ ಸಲಾಮು.

ಮೂರು ತಿಂಗಳು ಎಂದದ್ದು ಐದೂವರೆ ಆಯಿತು. ನಿಮ್ಮ ಲೆಕ್ಕದಲ್ಲಿ ಇದು ಮಿಂಚಿನ ವೇಗ. ಅನಂತರಾಜುಗೆ ವರ್ಗವಾಗಿದೆ. ಹೊಸಬರು ಬೀಗದ ಕೈ ಕೊಟ್ಟರು, ನನ್ನ ಕಿರುಬೆರಳಿಗಿಂತ ಚಿಕ್ಕದು. ಅಂಗಿ ಜೇಬಿನಲ್ಲಿದ್ದರೂ ಇದೆ ಎಂದು ಗೊತ್ತಾಗುವುದಿಲ್ಲ.

ಟ್ರಂಕಿನ ಹಗ್ಗ ನಾನೇ ಬಿಚ್ಚಿದೆ. ಸರಸಮ್ಮನವರು ಪಕ್ಕದಲ್ಲಿ ನಿಂತಿದ್ದರು. ಮೇಲಿತ್ತು ಪರದೆ. ಕೆಳಗೆ ನಾಲ್ಕು ಪಾತ್ರೆ, ಒಂದು ಡಬ್ಬಿ ಶಾವಿಗೆ. ಶಾವಿಗೆಗೆ ಹುಳ ಬಿದ್ದಿತ್ತು. ನಿನಗೆಂದೇ ಎತ್ತಿಟ್ಟಿದ್ದಳೋ ಏನೋ, ಕೇಳುವ ಹಾಗಿಲ್ಲ.

ಪರದೆ ಕಟ್ಟಿದೆ. ಉದ್ದವಾಯಿತು. ಕೆಳಗೆ ನೆಲದ ಮೇಲೆ ಬಿದ್ದುಕೊಂಡಿತು. ಹೊಲಿಯುವಾಗ ತಪ್ಪಿರಬೇಕು, ಪಾಪ, ಆಗಲೇ ಅವಳಿಗೆ ಉಸಿರು ಸರಿ ಇರಲಿಲ್ಲ ಎಂದುಕೊಂಡೆ. ಆಮೇಲೆ ಅನುಮಾನ ಬಂದು ಮರದ ಬೀಗದ ಕೈ ತಂದು ಬಾಗಿಲು ಅಳೆದೆ. ಸರಿಯಾಗಿ ಎರಡು ಬೀಗದ ಕೈ. ಅಷ್ಟೇ. ಮಾದರಿ ಮನೆಗೆ ಹೋಗಿ ಅಳೆದೆ. ಎರಡು ಬೀಗದ ಕೈ, ಮೇಲೊಂದು ಗೇಣು. ಅವಳದ್ದು ತಪ್ಪಿಲ್ಲ ಕಣ್ಲಾ. ನಲವತ್ತೇಳು ಬಾಗಿಲಲ್ಲೂ ಒಂದೊಂದು ಗೇಣು ಹೊಡೆದಿದ್ದಾರೆ. ಒಳಗೆ ಹೋಗುವಾಗ ಎಲ್ಲಿ ತಾಗೀತೋ ಎಂದು ಎಲ್ಲರೂ ತಲೆ ಬಗ್ಗಿಸಿ ಹೋಗುತ್ತಿದ್ದೇವೆ, ಮಂಡಳಿಗೆ ನಮಸ್ಕಾರ ಮಾಡಿದ ಹಾಗೆ.

ಕರೀಂ, "ಅರ್ಜಿ ಹಾಕಾನ ಚಾಚಾ" ಎಂದ. ಹಾಕಿ, ನಾನೂ ಸಹಿ ಮಾಡುತ್ತೇನೆ ಎಂದೆ. ಈ ಸಲ ಒಕ್ಕಣೆ ನೀನೇ ಬರೆದುಕೊಡಬೇಕು, ನಿನಗೀಗ ಬಾಯಿ ಬಂದಿದೆ. ಶಾವಿಗೆ ನಾನೇ ಮಾಡುತ್ತೇನೆ, ಚೆನ್ನಾಗಿರುವುದಿಲ್ಲ, ಬಾ.

ಸರಸಮ್ಮನವರು ನೋಡಲು ಬಂದವರು ಕತ್ತರಿ ಕೇಳಿದರು. "ಒಂದ್ ಗೇಣು ಕತ್ತರ್ಸಿ ಮಡಿಚಿ ಹೊಲ್ಕೊಟ್ಬುಡ್ತೀನಿ ಸಾಬ್ರೇ, ನೆಲದ್ ಮ್ಯಾಲೆ ಬಿದ್ದು ಕೊಳೆ ಆಯ್ತದೆ."

ಬೇಡ ಎಂದೆ. ಅದು ಮುನ್ನೀ ಕೈ. ಅಲ್ಲೇ ಇರಲಿ.

ನೀನು ಬಂದಾಗ ದಾಟಿಕೊಂಡು ಬಾ, ತುಳಿಯಬೇಡ.

ನಿನ್ನ
ಇಮಾಮು